ಕೆಂಪು ಚೀಟಿ ಬಿದ್ದ ಪುಟ

ಆಫೀಸಿನಲ್ಲಿ ಅವಳಿಗೆ ಅಡ್ವಾನ್ಸ್ ಅಕ್ಕ ಎಂದೇ ಹೆಸರು. ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯೊಂದರ ಉಪಸಂಪಾದಕಿ. ಸುಡುಬಿಸಿಲಲ್ಲಿ ಫ್ಯಾನಿನ ಕೆಳಗೆ ಕೂತು ಚಳಿಗಾಲಕ್ಕೆ ತುಟಿ ಒಡೆಯದ ಉಪಾಯ ಬರೆಸುವವಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೇ ಕಸುಬು ಎನ್ನಿ. ಅವಳ ಕುರ್ಚಿಯ ಹಿಂದೆ ಗೋಡೆಯ ತುಂಬ ವರ್ಷದ ಚಾರ್ಟು, ತಿಂಗಳಿಗೊಂದು ಮನೆ. ಲೇಖನ ಕೈಸೇರಿದರೆ ಹಳದಿ ಚೀಟಿ, ಪುಟ ಸಿದ್ಧವಾದರೆ ಅದರ ಮೇಲೆ ಕೆಂಪು. ಕೆಂಪು ಬಿದ್ದ ಮನೆಯತ್ತ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಓದುಗರಿಗೆ ಇನ್ನೂ ತಲುಪದ ಸಂಚಿಕೆ ಅವಳ ಪಾಲಿಗೆ ಆಗಲೇ ಹಳಸಲು.

ದಂಪತಿಗಳನ್ನು ಮಾತಾಡಿಸುವ ಅಂಕಣವೊಂದಿತ್ತು. ಒಂದು ತಿಂಗಳ ಮನೆ ಖಾಲಿ ಉಳಿಯಿತು. ಖಾಲಿ ಮನೆ ಕಂಡರೆ ಅವಳಿಗೆ ಅನ್ನ ಇಳಿಯುವುದಿಲ್ಲ. ತಂಗಿಗೆ ಫೋನ್ ಮಾಡಿದಳು.

“ಒಂದು ಜೋಡಿ ಕೈ ಕೊಟ್ಟಿದೆ ಕಣೇ. ನೀವಿಬ್ರೂ ಇರೋ ಫೋಟೋ ಕಳ್ಸು.”

“ನಮ್ಮ ಬಗ್ಗೆ ಏನಿದೆ ಅಕ್ಕ ಬರೆಯೋಕೆ? ಚೆನ್ನಾಗಿದೀವಿ, ಅಷ್ಟೇ.”

“ಉಳಿದಿದ್ದು ನಾನು ನೋಡ್ಕೋತೀನಿ ಬಿಡು.”

ನೋಡಿಕೊಂಡಳು. ‘ಅವರು ಬರುವವರೆಗೂ ನಾನು ಬಾಗಿಲು ಹಾಕುವುದಿಲ್ಲ’ ಎಂದು ತಂಗಿ ಆಡದ ಮಾತನ್ನು ಅವಳ ಬಾಯಿಗೆ ತುರುಕಿದಳು. ಚೆಂದ ಕಂಡಿತೆಂದು ಅದನ್ನೇ ತಲೆಬರಹ ಮಾಡಿದಳು. ಕೆಂಪು ಚೀಟಿ ಬಿತ್ತು.

ಕೆಲವು ವಾರಗಳಲ್ಲೇ ತಂಗಿಯ ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ತಂಗಿ ಒಂದು ಸೂಟ್‌ಕೇಸ್ ಹಿಡಿದು ಅಕ್ಕನ ಮನೆಗೆ ಬಂದು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, “ವಾಪಸ್ ಬಾ ಅಂತ ಮಾತ್ರ ಅವನನ್ನ ಕೇಳಲ್ಲ ಅಕ್ಕ. ಅದೊಂದಾದ್ರೂ ನನಗೆ ಉಳೀಲಿ” ಎಂದಳು.

ಅಕ್ಕ ಕಲ್ಲೆದೆಯವಳೇನಲ್ಲ. ತನ್ನ ಕೋಣೆ ಬಿಟ್ಟುಕೊಟ್ಟು ತಾನು ಸೋಫಾದ ಮೇಲೆ ಮಲಗಿದಳು. ವಕೀಲರನ್ನೂ ಹುಡುಕಿದಳು. ಆ ಪುಟ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಒಂದು ಮಾತು ಹೇಳಿದ್ದರೆ ಕಿತ್ತುಹಾಕುತ್ತಿದ್ದರು. ದಿನಾ ಬೆಳಿಗ್ಗೆ ತಂಗಿಯ ಊದಿದ ಕಣ್ಣು ನೋಡಿಯೇ ಆಫೀಸಿಗೆ ಹೋಗುತ್ತಿದ್ದವಳಿಗೆ ಅದು ನೆನಪಾಗಲೇ ಇಲ್ಲ. ಅಲ್ಲಿ ಅವಳು ಮಕ್ಕಳ ಬೇಸಿಗೆ ರಜೆಯ ಪುಟ ತುಂಬಿಸುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ.

ಸಂಚಿಕೆ ಹೊರಬಂದ ಸಂಜೆ ಮನೆಗೆ ಬಂದಾಗ ಪತ್ರಿಕೆ ಊಟದ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಪಕ್ಕದಲ್ಲಿ ತಂಗಿ ಕೂತಿದ್ದಳು. ಅಕ್ಕನಿಗೆ ಎಲ್ಲವೂ ಒಂದೇ ಸಲ ನೆನಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅವನು ಫೋನ್ ಮಾಡಿದ್ದ,” ಎಂದಳು ತಂಗಿ. “‘ಬಾಗಿಲು ಹಾಕ್ಕೊಂಡು ಮಲಕ್ಕೋ, ಪತ್ರಿಕೇಲಿ ಹಾಕ್ಸಿ ಬೇಡ್ಕೊಂಡ್ರೂ ನಾನು ಬರಲ್ಲ’ ಅಂದ. ಅವನ ಹಿಂದೆ ಅವಳು ನಗೋದು ಕೇಳಿಸ್ತಿತ್ತು.”

“ನಾನು ಬರೆದಿದ್ದು ಅಂತ ಹೇಳ್ಬೇಕಿತ್ತು ಕಣೇ.”

“ಹೇಳ್ದೆ. ನಂಬ್ಲಿಲ್ಲ.”

“ನನ್ನದೇ ತಪ್ಪು. ಅದು ನೀನು ಆಡಿದ ಮಾತಲ್ಲ ಅಂತ ಪತ್ರಿಕೇಲೇ ಹಾಕ್ತೀನಿ.”

“ಯಾವಾಗ?”

ಅಕ್ಕ ಮನಸ್ಸಿನಲ್ಲೇ ಚಾರ್ಟಿನ ಮನೆಗಳನ್ನು ಎಣಿಸಿದಳು. ಮುಂದಿನ ಸಂಚಿಕೆ ಅಚ್ಚಿನಲ್ಲಿತ್ತು. ಅದರ ಮುಂದಿನದಕ್ಕೂ ಕೆಂಪು ಬಿದ್ದಿತ್ತು. “ಅದರ ಆಚೆ ತಿಂಗಳು…” ಎಂದಳು, ತನ್ನ ದನಿಗೆ ತಾನೇ ಹೇಸಿಕೊಂಡು.

ತಂಗಿ ಕಿರುಚಲಿಲ್ಲ. ಪತ್ರಿಕೆ ಮಡಚಿ ಅಕ್ಕನ ಮುಂದೆ ತಳ್ಳಿದಳು.

“ನಾನು ಇಲ್ಲೇ ಇದ್ನಲ್ಲ ಅಕ್ಕ, ನಿನ್ನ ಮಂಚದ ಮೇಲೇ. ನೀನು ಯಾವ ತಿಂಗಳಲ್ಲಿದ್ದೆ?”

ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಕ್ಕ ಅನ್ನ ಬಡಿಸಿಕೊಂಡು ಹೋಗಿ ಬಾಗಿಲು ತಟ್ಟಿದಳು, ಹೆಸರು ಹಿಡಿದು ಕರೆದಳು. ತಟ್ಟೆ ಹಿಡಿದುಕೊಂಡು ಅಲ್ಲೇ ಹೊಸ್ತಿಲ ಬಳಿ ಕೂತು ಕಾದಳು.