ಬೀಳದ ಮಗುವಿನ ಹೆಲ್ಮೆಟ್

ಮಗಳ ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗಿರುವುದನ್ನು ಮೊದಲು ಕಂಡವರು ಧಾರವಾಡದಿಂದ ಹ್ಯೂಸ್ಟನ್ನಿಗೆ ಬಂದಿದ್ದ ನಮ್ಮತ್ತೆ. ಆಗ ಅವಳಿಗೆ ನಾಲ್ಕು ತಿಂಗಳು. "ತಲಿ ದುಂಡಗಾಗಾಕ ರಾಗಿ ದಿಂಬು ಇಟ್ಟಿಲ್ಲೇನು?" ಎಂದರು. ಮಲಗುವ ಕೂಸಿನ ಹತ್ತಿರ ದಿಂಬು ಇಡಬಾರದು, ಅಂಗಾತವೇ ಮಲಗಿಸಬೇಕು ಎಂದಿದ್ದರು ಡಾಕ್ಟರು. ಅದನ್ನು ತಪ್ಪದೆ ಪಾಲಿಸಿದ್ದೆ. ಎಚ್ಚರವಿದ್ದಾಗ ಬೋರಲು ಹಾಕಿ ಎಂದೂ ಅವರು ಹೇಳಿದ್ದರು; ಮಗು ಅಳುತ್ತದೆಂದು ಅದನ್ನು ಬಿಟ್ಟಿದ್ದೆ.

ಪರೀಕ್ಷೆ ಮಾಡಿದಾಗ ಕತ್ತಿನ ಒಂದು ಮಗ್ಗುಲು ಬಿಗಿದಿರುವುದು ಗೊತ್ತಾಯಿತು. ಅದಕ್ಕೇ ಅವಳು ಸದಾ ಕಿಟಕಿಯತ್ತಲೇ ತಿರುಗಿ ಮಲಗುತ್ತಿದ್ದಳು. ವ್ಯಾಯಾಮ ಮಾಡಿಸಿದೆವು, ತೊಟ್ಟಿಲು ತಿರುಗಿಸಿದೆವು. ಅಷ್ಟು ಸಾಲದೆ, ಆರು ತಿಂಗಳಿಗೆ ಅಳತೆ ತೆಗೆದು, ತಲೆ ದುಂಡಗೆ ಬೆಳೆಯುವಂತೆ ತಿದ್ದುವ ಹೆಲ್ಮೆಟ್ ಮಾಡಿಸಿದರು. ಸ್ನಾನದ ಹೊತ್ತು ಬಿಟ್ಟು ಉಳಿದಂತೆ ಅದು ತಲೆಯ ಮೇಲೇ ಇರಬೇಕು. "ನಿಮ್ಮ ತಪ್ಪಲ್ಲ" ಎಂದರು ಡಾಕ್ಟರು. ನಾನು ನಂಬಲಿಲ್ಲ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ ಗೆಳತಿಯ ಮನೆಯಲ್ಲಿ ಒಂದು ಭಾನುವಾರ ಊಟವಿತ್ತು. ಮೈಸೂರಿನ ಆಂಟಿಯೊಬ್ಬರು ಮಗುವನ್ನು ಎತ್ತಿಕೊಂಡು, "ಅಯ್ಯೋ, ಇದೇನಮ್ಮ ತಲೆಗೆ? ಬಿತ್ತಾ?" ಎಂದರು. ಸುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು.

"ಹೂಂ ಆಂಟಿ. ಸೋಫಾ ಮೇಲಿಂದ," ಎಂದುಬಿಟ್ಟೆ. ತಲೆ ಚಪ್ಪಟೆಯಾಗಲು ಬಿಟ್ಟವಳು ಅನ್ನಿಸಿಕೊಳ್ಳುವುದಕ್ಕಿಂತ ಬೀಳಿಸಿದವಳು ಅನ್ನಿಸಿಕೊಳ್ಳುವುದೇ ಮೇಲೆಂದು ತೋರಿತು. ಪಕ್ಕದಲ್ಲಿದ್ದ ಅತ್ತೆ ಊಟ ನಿಲ್ಲಿಸಿ ನನ್ನ ಮುಖ ನೋಡಿದರು.

ಮರುದಿನ ಸಂಜೆ ಆಂಟಿ ನಮ್ಮ ಮನೆಗೇ ಬಂದರು. ಕೈಯಲ್ಲಿ ಬಿಸಿಬೇಳೆಬಾತಿನ ಡಬ್ಬಿ. "ನೀನು ಗಾಬರಿಯಾಗಿರ್ತೀಯ, ಅಡುಗೆ ಎಲ್ಲಿ ಮಾಡ್ತೀಯ ಅಂತ ತಂದೆ" ಎಂದರು. ಡಬ್ಬಿ ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ.

ಅತ್ತೆಯೇ ಹೇಳಿದರು: "ಕೂಸು ಎಲ್ಲೂ ಬಿದ್ದಿಲ್ರಿ. ಒಂದ ಮಗ್ಗಲಿಗೆ ಮಲಗಿ ತಲಿ ಚಪ್ಪಟಿ ಆಗಿತ್ತು, ಸರಿ ಮಾಡಾಕ ಹಾಕ್ಯಾರ."

ನಾನು ನೆಲ ನೋಡುತ್ತಾ ನಿಂತೆ. ಆಂಟಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ದನಿ ತಗ್ಗಿಸಿ ಕೇಳಿದರು: "ಆಸ್ಟಿನ್‌ನಲ್ಲಿ ನನ್ನ ಮೊಮ್ಮಗನಿಗೂ ಹಿಂಗೇ ಆಗ್ತಿದೆ ಕಣಮ್ಮ. ಮೂರು ತಿಂಗಳ ಮಗು. ಸೊಸೆ ಯಾರಿಗೂ ತೋರಿಸ್ತಿಲ್ಲ, ಡಾಕ್ಟರಿಗೂ. ನೀನು ಒಂದು ಮಾತು ಹೇಳ್ತೀಯಾ?"

ಆ ಹುಡುಗಿಗೆ ಫೋನ್ ಮಾಡಿದೆ. ಬೋರಲು ಹಾಕುವುದು, ದಿಕ್ಕು ಬದಲಿಸುವುದು, ಎಲ್ಲ ಹೇಳಿ, ಬೇಗ ಡಾಕ್ಟರಿಗೆ ತೋರಿಸು ಎಂದೆ. "ನನ್ನಿಂದಲೇ ಹೀಗಾಯ್ತು" ಎಂದು ಅವಳು ಅತ್ತಳು. ಅಲ್ಲ ಎಂದೆ, ಡಾಕ್ಟರು ನನಗೆ ಹೇಳಿದ ಹಾಗೆಯೇ. ಅವಳಾದರೂ ನಂಬಿದಳೋ ಏನೋ, ಮರುವಾರವೇ ತೋರಿಸಿದಳು. ಅವಳ ಮಗನಿಗೆ ಹೆಲ್ಮೆಟ್ ಬೇಕಾಗಲಿಲ್ಲ.

ನನ್ನ ಮಗಳ ತಲೆಯೂ ವರ್ಷ ತುಂಬುವ ಹೊತ್ತಿಗೆ ಬಹುಮಟ್ಟಿಗೆ ದುಂಡಗಾಯಿತು. ಸೋಫಾದ ಮಾತನ್ನು ಆಂಟಿ ಎಂದೂ ಎತ್ತಲಿಲ್ಲ. ಒಮ್ಮೆ ಎತ್ತಿ ಬೈದಿದ್ದರೆ ಅವರೆದುರು ನಿಲ್ಲುವುದು ನನಗೆ ಸುಲಭವಾಗುತ್ತಿತ್ತು.