ದ್ರಾಕ್ಷಿಯ ಮೇಲಿನ ಬಿಳಿ ಪುಡಿ

ಮೊನ್ನೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಬಳಿ ತಳ್ಳುಗಾಡಿಯವನೊಬ್ಬ ಕರಿ ದ್ರಾಕ್ಷಿಯ ಗೊಂಚಲುಗಳನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಮಿಂಚಿಸುತ್ತಿದ್ದ. ಆ ಹಣ್ಣಿನ ಗಾಢ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಬಂದು ನಿಂತರು. ರಕ್ತಸಂಬಂಧವೇನಲ್ಲ, ಊರಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದೆವು. ಅವರು ಇದನ್ನು ನೋಡಿದ್ದರೆ ಆ ಬಟ್ಟೆಯನ್ನು ಕಿತ್ತು ಬಿಸಾಡದೆ ಬಿಡುತ್ತಿರಲಿಲ್ಲ.

ದೊಡ್ಡಮ್ಮ ದ್ರಾಕ್ಷಿ ಕೊಯ್ಯುವಾಗ ಗೊಂಚಲಿನ ತೊಟ್ಟನ್ನಷ್ಟೇ ಎರಡು ಬೆರಳಲ್ಲಿ ಹಿಡಿಯುತ್ತಿದ್ದರು. ಹಣ್ಣನ್ನು ಮುಟ್ಟುವಂತಿಲ್ಲ. ಅದರ ಮೇಲೆ ತಾನಾಗಿಯೇ ಮೂಡುವ ಬೂದಿಯಂಥ ಬಿಳಿ ಪುಡಿ ಅಳಿಸಿಹೋಗಬಾರದು. ಅದಿದ್ದರೆ ಹಣ್ಣು ಬೇಗ ಕೆಡುವುದಿಲ್ಲ, ವ್ಯಾಪಾರಿಗಳೂ ಅದನ್ನು ನೋಡಿಯೇ ಹೊಸ ಕೊಯ್ಲು ಎಂದು ತಿಳಿಯುತ್ತಿದ್ದರು. ಕೊಯ್ಲಿಗೆ ಬಂದವರು ಮರೆತು ಗೊಂಚಲನ್ನು ಅಂಗೈಯಲ್ಲಿ ಹಿಡಿದರೆ ಬೈಗುಳ ಗ್ಯಾರಂಟಿ.

ನಾನು ಆಗ ಒಂದು ಟಿವಿ ಚಾನೆಲ್ಲಿಗೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಕುತ್ತಿಗೆಗೆ ಗುರುತಿನ ಚೀಟಿ, ಹೆಗಲಿಗೆ ಕ್ಯಾಮೆರಾ, ಮೈತುಂಬಾ ಜಂಬ. ಹಣ್ಣಿಗೆ ಔಷಧಿ ಹೊಡೆಯುವುದರ ಬಗ್ಗೆ ದೃಶ್ಯ ಬೇಕೆಂದು ಬೆಂಗಳೂರಿನ ಕಚೇರಿಯಿಂದ ಫೋನ್ ಬಂತು. ಬೆಳೆ ಸುದ್ದಿ ಎಂದು ಹೇಳಿ ದೊಡ್ಡಮ್ಮನ ದ್ರಾಕ್ಷಿ ಚಪ್ಪರದ ಕೆಳಗೆ ಹೋದೆ. ಅವರು ಗೊಂಚಲು ಹಿಡಿದು ತೋರಿಸಿದರು, ಪುಡಿ ಏನೆಂದು ವಿವರಿಸಿದರು. ನಾನು ಆ ಪುಡಿಯ ಮೇಲೆ ಬೆರಳಿನಿಂದ ಗೀರೆಳೆದು ಹತ್ತಿರದಿಂದ ತೆಗೆದೆ. ಚೆನ್ನಾಗಿ ಬಂತು... ತುಂಬಾ ಚೆನ್ನಾಗಿ ಬಂತು. ಕಳಿಸುವಾಗ, ಇದು ವಿಷವಲ್ಲ ಎಂದು ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಬರೆದರೆ ಸುದ್ದಿ ಸಪ್ಪೆಯಾಗುತ್ತದೆಂದು ಗೊತ್ತಿತ್ತು.

ಮರುದಿನವಿಡೀ ಪರದೆಯ ಮೇಲೆ ಅದೇ ಗೊಂಚಲು, ಅದೇ ಗೀರು, ಕೆಳಗೆ ಕೆಂಪು ಅಕ್ಷರದಲ್ಲಿ ‘ವಿಷದ ಪುಡಿ’. ದೊಡ್ಡಮ್ಮನ ಮುಖವಿಲ್ಲ, ಮಾತಿಲ್ಲ. ಗೊಂಚಲು ಹಿಡಿದ ಕೈ ಮಾತ್ರ. ವಾರದೊಳಗೆ ವ್ಯಾಪಾರಿಗಳ ಗಾಡಿಗಳು ಬರುವುದು ನಿಂತಿತು. ಊರವರು ಗಾಬರಿಬಿದ್ದು ಹಣ್ಣನ್ನು ತೊಟ್ಟಿಯಲ್ಲಿ ಅದ್ದಿ, ಹಳೆ ಪಂಚೆಯಲ್ಲಿ ಒರೆಸಿ ಮಾರುಕಟ್ಟೆಗೆ ಸಾಗಿಸಿದರು. ಒರೆಸಿದ ಹಣ್ಣು ದಾರಿಯಲ್ಲೇ ರಸ ಬಿಟ್ಟು ಕ್ರೇಟುಗಳೆಲ್ಲ ಹುಳಿ ವಾಸನೆ ಹೊಡೆದವು.

ದೊಡ್ಡಮ್ಮನಿಗಿದ್ದದ್ದು ಅದೊಂದೇ ತೋಟ, ಗಂಡನ ಜೊತೆ ನಿಂತು ನೆಟ್ಟ ಬಳ್ಳಿಗಳು. ಹಣ್ಣು ಬಳ್ಳಿಯಲ್ಲಿ ಕೆಡದೆ ನಿಂತರೆ ಹೆಚ್ಚೆಂದರೆ ಇನ್ನು ಎರಡು ವಾರ. ಈ ಫಸಲು ಹೋದರೆ ಬಳ್ಳಿಯನ್ನೇ ಕಿತ್ತುಹಾಕುತ್ತೇನೆಂದು ಮಗ ಹಟ ಹಿಡಿದಿದ್ದ. ನಾನು ಅವರ ಮನೆಗೆ ಹೋಗಿ, ಅವರು ಕೇಳುವ ಮೊದಲೇ, ಟಿವಿಯಲ್ಲಿ ಬಂದದ್ದು ನಾನು ತೆಗೆದದ್ದಲ್ಲ, ಬೇರೆ ಯಾವುದೋ ತೋಟದ್ದು ಎಂದುಬಿಟ್ಟೆ. ಥೂ, ನನ್ನ ನಾಲಿಗೆಯೇ! ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು.

“ಹೌದಾ ಮಗ... ಕೂತ್ಕೊ, ಕಾಫಿ ಕುಡ್ಕೊಂಡು ಹೋಗು.”

ಆಮೇಲೆ ಆ ಹೆಂಗಸು ಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ. ದೇವನಹಳ್ಳಿ ರಸ್ತೆಗೆ ತಾಗಿದ ತೋಟದ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತರು. ಕಾರು ನಿಲ್ಲಿಸಿದವರನ್ನು ಚಪ್ಪರದ ಕೆಳಗೆ ಕರೆದೊಯ್ದು, ಹಣ್ಣಿನ ಪುಡಿ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಔಷಧಿಯ ಕಲೆ ಹನಿಹನಿಯಾಗಿ ಎಲೆಯ ಮೇಲೂ ಇರುತ್ತದೆ ಎಂದು ತೋರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಆ ಕಡೆಯ ನಾಲ್ಕು ಸಾಲಿಗೆ ಔಷಧಿ ಹೊಡೆದು ವಾರವೂ ಆಗಿಲ್ಲ, ಅದನ್ನು ಮಾರುವುದಿಲ್ಲ ಎಂದೂ ಬಾಯಿಬಿಟ್ಟು ಹೇಳುತ್ತಿದ್ದರು. ಮಗ ಕೆರಳಿದ. ಯಾರಾದರೂ ಕೇಳಿದರಾ ನಿನ್ನನ್ನ ಎಂದು ನನ್ನೆದುರೇ ಕೂಗಾಡಿದ. ದೊಡ್ಡಮ್ಮ ದನಿ ಏರಿಸಲಿಲ್ಲ.

“ಆ ಟಿವಿಯವ್ರು ಅರ್ಧ ಹೇಳಿದ್ಕೆ ತಾನೇ ನಮಗೀ ಗತಿ ಬಂದಿದ್ದು? ಈಗ ನಾನೂ ಅರ್ಧನೇ ಹೇಳ್ಲೇನೋ?”



ಆ ನಾಲ್ಕು ಸಾಲಿನ ಹಣ್ಣು ಬಳ್ಳಿಯಲ್ಲೇ ಕೊಳೆತು ಉದುರಿತು. ಆದರೆ ಬಂದವರು ಮತ್ತೆ ಬಂದರು, ನೆಂಟರನ್ನೂ ಕರೆತಂದರು. ಮಾರಲ್ಲ ಅಂತ ತಾನೇ ಹೇಳುವವಳನ್ನು ನಂಬದೆ ಇನ್ನಾರನ್ನು ನಂಬುವುದು ಎಂದು ಒಬ್ಬರು ನನಗೇ ಹೇಳಿದರು. ಊರವರೂ ಒರೆಸುವುದನ್ನು ಬಿಟ್ಟು ರಸ್ತೆ ಬದಿಗೆ ಬುಟ್ಟಿ ತಂದಿಟ್ಟರು. ದೊಡ್ಡಮ್ಮನ ಬಳ್ಳಿ ಉಳಿಯಿತು. ಚಾನೆಲ್ಲಿನವರು ಮಾತ್ರ ತಪ್ಪಾಯಿತೆಂದು ಒಂದು ಸಾಲೂ ಹಾಕಲಿಲ್ಲ. ನಾನು ಆ ಕೆಲಸ ಬಿಟ್ಟೆ. ನಿಜ ಹೇಳುವುದನ್ನು ಮಾತ್ರ ಇವತ್ತು, ನಾಳೆ ಎಂದು ಮುಂದೂಡುತ್ತಲೇ ಹೋದೆ...

ಹೋದ ತಿಂಗಳು ದೊಡ್ಡಮ್ಮ ತೀರಿಕೊಂಡರು. ತಿಥಿಯ ಊಟದ ಪಂಕ್ತಿಯಲ್ಲಿ ಯಾರೋ ಆ ಹಳೆಯ ಸುದ್ದಿ ತೆಗೆದು, ಅದನ್ನು ಮಾಡಿದವನ ಕೈ ಸೇದಿಹೋಗ ಎಂದು ಶಪಿಸಿದರು. ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟೆ. ಅದನ್ನು ತೆಗೆದವನು ನಾನೇ ಎಂದೆ.  ಬಡಿಸುತ್ತಿದ್ದ ಮಗ ಸಾರಿನ ಸೌಟು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದ.

“ಗೊತ್ತು ಕಣೋ. ಟಿವೀಲಿ ನೋಡ್ದಾಗ್ಲೇ ಇದು ನನ್ ಕೈ ಅಂದಿದ್ಲು ನಮ್ಮಮ್ಮ. ಯಾರಿಗೂ ಹೇಳ್ಬೇಡ, ಒಂದಿನ ಅವನೇ ಬಂದು ಹೇಳ್ತಾನೆ ಅಂದಿದ್ಲು.”

ಅವನು ಸಾರು ಬಡಿಸಿ ಮುಂದಿನ ಎಲೆಗೆ ಹೋದ. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದೆವು. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟ ಆ ತಾಯಿ ಬದುಕಿದ್ದಾಗ ನಾನು ಹೋಗಿ ಹೇಳಲಿಲ್ಲ.