ಅಪೀಲಿಗೆ ನನ್ನನ್ನು ಕರೆಯಲಿಲ್ಲ

ನಮ್ಮ ಓಣಿಗೆ ಗಾದಿ ಹೊಲಿಯುವವರು ಬಂದಿದ್ದಾರೆ. ಹತ್ತಿಯನ್ನು ಬಡಿದು ಬಡಿದು ಹಗುರ ಮಾಡುವ ಆ ಸದ್ದು ನಿಮಗೂ ಗೊತ್ತಿರಬೇಕು. ಅದರ ಹಿಂದೆಯೇ ಮೂಗಿಗೆ ಅಡರುವ ಒಣ ವಾಸನೆ. ಅದೊಂದು ಬಂದರೆ ಸಾಕು, ನಾನು ಎಪ್ಪತ್ತರ ದಶಕದ ರಾಯಚೂರಿಗೆ, ಅಲ್ಲಿನ ಜಿನ್ನಿಂಗ್ ಮಿಲ್ಲಿನ ಅಂಗಳಕ್ಕೆ ಹೋಗಿಬಿಡುತ್ತೇನೆ. ಮಿಲ್ಲಿನ ಭೋಂಗಾ ಕೂಗಿದರೆ ಓಣಿಯವರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲ ಅದು. ನನ್ನ ಕೈಯಲ್ಲಿ ಅಪ್ಪನ ಬುತ್ತಿ.

ಅಪ್ಪ ಅಲ್ಲಿ ತೂಕದ ಗುಮಾಸ್ತ. ನಾನು ಬಿ.ಎ. ಓದುತ್ತಿದ್ದೆ, ನಮ್ಮ ಓಣಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಹಾಗಾಗಿ ಬುತ್ತಿ ಒಯ್ಯುವಾಗಲೂ ಬಗಲಲ್ಲೊಂದು ಪುಸ್ತಕ ಇರಲೇಬೇಕು. ಓದಲಿಕ್ಕಲ್ಲ, ಕಾಣಲಿಕ್ಕೆ. ಹತ್ತಿಯ ಹಂಗಾಮಿನಲ್ಲಿ ಮಿಲ್ಲಿನ ಗಾಳಿಯೇ ಬೆಳ್ಳಗಿರುತ್ತಿತ್ತು. ಹಮಾಲರು ಮೂಗು ಬಾಯಿಗೆ ಟಾವೆಲ್ ಸುತ್ತಿಕೊಳ್ಳುತ್ತಿದ್ದರು. ಹುಬ್ಬು, ರೆಪ್ಪೆಯ ಮೇಲೆಲ್ಲ ಅರಳೆ ಮೆತ್ತಿ ಎಲ್ಲರೂ ಒಂದೇ ವಯಸ್ಸಿನ ಮುದುಕರಂತೆ ಕಾಣುತ್ತಿದ್ದರು. ಅಲ್ಲಿ ಯಾರೂ ಯಾರನ್ನೂ ಮುಖ ನೋಡಿ ಗುರುತಿಸುತ್ತಿರಲಿಲ್ಲ. ಬಂದವರು ಕೂಗಬೇಕು, ಒಳಗಿದ್ದವರು ಓಗೊಡಬೇಕು. ಅದೇ ಪದ್ಧತಿ.

ತಿಮ್ಮಣ್ಣ ದೇವದುರ್ಗದ ಕಡೆಯ ಹಮಾಲ. ನನ್ನನ್ನು ಸಣ್ಣವ್ವಾ ಎಂದು ಕರೆಯುತ್ತಿದ್ದವನು ಇಡೀ ಮಿಲ್ಲಿನಲ್ಲಿ ಅವನೊಬ್ಬನೇ. "ಏನ್ ಸಣ್ಣವ್ವಾ, ಇವತ್ತರ ಓದಿಯೇನು, ಇಲ್ಲಾ ಬರೀ ಹೊತ್ಕೊಂಡು ಬಂದಿಯೇನು? ಹೊರೋದಿದ್ರ ನಮ್ಮ ಗ್ಯಾಂಗಿಗಿ ಬಾ," ಎಂದು ಕಾಡುತ್ತಿದ್ದ. ನಾನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ, ನಗು ಕಾಣಬಾರದೆಂದು.

ಆ ಮಧ್ಯಾಹ್ನ ನಾನು ಕೂಗಿದೆ, ಯಾರೂ ಓಗೊಡಲಿಲ್ಲ. ಹತ್ತಿ ತುಂಬಿದ ಅಂಡಿಗೆಗಳ ಸಾಲು ದಾಟಿ ತಿರುಗಿದರೆ, ಹಮಾಲರಿಂದ ಕೆಲಸ ಮಾಡಿಸುವ ಮುಕದ್ದಮ ನೆಲಕ್ಕೆ ಬಿದ್ದಿದ್ದ. ಅವನ ಮೇಲೆ ಬಾಗಿದ್ದವನು ಮತ್ತೊಮ್ಮೆ ಕುಡುಗೋಲು ಬೀಸಿದ. ಬಿಳಿಯ ನೆಲ ಕೆಂಪಾಯಿತು. ಅವನು ತಲೆಯೆತ್ತಿದ. ಟಾವೆಲ್ಲು, ಅರಳೆ, ನಡುವೆ ಎರಡು ಕಣ್ಣು. ನಮ್ಮಿಬ್ಬರ ನಡುವೆ ಒಂದು ಅಂಡಿಗೆಯಷ್ಟೇ ಅಂತರ. ಕುಡುಗೋಲು ಇನ್ನೂ ಕೈಯಲ್ಲಿತ್ತು.

"ಸಣ್ಣವ್ವಾ, ಮನಿಗಿ ಹೋಗವ್ವಾ," ಅಂದ.

ಓಡಿದೆ. ಬುತ್ತಿ ಎಲ್ಲಿ ಬಿತ್ತೋ ತಿಳಿಯದು. ಪುಸ್ತಕ ಮಾತ್ರ ಬಗಲಲ್ಲೇ ಇತ್ತು.

ಹಿಂದಿನ ದಿನ ಮುಕದ್ದಮ ನಾಲ್ಕು ಮಂದಿಯ ಎದುರು ತಿಮ್ಮಣ್ಣನನ್ನು ಅವನ ತಾಯಿಯ ಹೆಸರೆತ್ತಿ ಬೈದಿದ್ದನಂತೆ. ರಾಯಚೂರಿನ ಕೋರ್ಟಿನಲ್ಲಿ ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳೇ. ಮುಖವೇ ಕಾಣದವನನ್ನು ಹೇಗೆ ಗುರುತಿಸಿದಿರಿ ಎಂದು ಅವನ ವಕೀಲರು ಕೇಳಿದರು. ಅವನಾಡಿದ ಮಾತನ್ನು ಹೇಳಿದೆ. ತಿಮ್ಮಣ್ಣ ತಲೆ ತಗ್ಗಿಸಿದ. ಜೀವಾವಧಿ ಶಿಕ್ಷೆಯಾಯಿತು. ಅವನು ಬೆಂಗಳೂರಿನ ಹೈಕೋರ್ಟಿಗೆ ಅಪೀಲು ಹೋದ.

ಅಪೀಲು ಎಂದರೆ ಎಲ್ಲವನ್ನೂ ಅಲ್ಲಿ ಹೋಗಿ ಮೊದಲಿನಿಂದ ಹೇಳುವುದು ಎಂದೇ ನಾವು ಮನೆಯವರೆಲ್ಲ ತಿಳಿದಿದ್ದೆವು, ಬಿ.ಎ. ಆದವಳೂ ಸೇರಿ. ಒಂದು ಮಾತು ತಪ್ಪಿದರೆ ಅವನು ಹೊರಗೆ ಬರುತ್ತಾನೆ, ಬಂದರೆ ನನ್ನನ್ನು ಉಳಿಸುವುದಿಲ್ಲ ಎಂಬುದು ನನ್ನ ಭಯ. ಹಾಗಾಗಿ ಅವ್ವ ರೊಟ್ಟಿ ಬಡಿಯುತ್ತಲೇ ವಕೀಲಳಾದಳು.

"ಹೇಳ್ರಿ ಬಾಯಾರ, ಮಾರಿ ಮುಚ್ಚಿಕೊಂಡವನ ಗುರ್ತು ಹೆಂಗ ಹಿಡದ್ರಿ?"

"ದನಿ ಕೇಳಿ."

"ಗಟ್ಟ್ಯಾಗಿ ಹೇಳು! ಜಜ್ಜ ಸಾಹೇಬ್ರು ಮ್ಯಾಲ ಕುಂತಿರ್ತಾರ, ಕೇಳಸಂಗಿಲ್ಲ."

ನನಗೆ ಅಳು ಬಂದರೆ, "ಅಳೋದು ಆಮ್ಯಾಲ, ಮೊದಲ ಉತ್ತರ ಕೊಡು," ಎನ್ನುವಳು. ಬೆಂಗಳೂರಿಗೆಂದು ಒಂದು ಇಳಕಲ್ ಸೀರೆಯನ್ನೂ ತೆಗೆದಿಟ್ಟಿದ್ದಳು. ನನಗಲ್ಲ, ತನಗೆ.

ಕೊನೆಗೆ ಸರ್ಕಾರಿ ವಕೀಲರು ಅಪ್ಪನಿಗೆ ನಗುತ್ತ ಹೇಳಿದರು: "ಅಪೀಲಿನಾಗ ಸಾಕ್ಷಿದಾರರನ್ನ ಕರಿಯಂಗಿಲ್ರೀ ಯಜಮಾನ್ರ. ಇಲ್ಲಿ ಹೇಳಿದ್ದು ಬರಕೊಂಡಾರಲ್ಲ, ಅದನ್ನ ಓದ್ತಾರ." ಅವ್ವ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿ, "ಬರೀ ಓದಿದ್ರ ಹೆಂಗ ತಿಳೀತದ?" ಅಂದಳು.

ತೀರ್ಪು ಬರುವ ಹೊತ್ತಿಗೆ ನಾನು ಮಾನ್ವಿಯಲ್ಲಿ ಶಾಲೆಯ ಟೀಚರಾಗಿದ್ದೆ. ಅಪೀಲು ವಜಾ. ಕೊಲೆ ಮಾಡಿದವನು ನೋಡಿದವಳಿಗೆ ಮನೆಗೆ ಹೋಗು ಅಂದ ಎಂಬ ಮಾತನ್ನು ಯಾರೂ ಕಟ್ಟಿ ಹೇಳಲಾರರು, ಅದಕ್ಕೇ ನಿನ್ನ ಸಾಕ್ಷಿ ನಿಂತಿತು ಎಂದು ಅಪ್ಪ ತಿಳಿಸಿದ. ನನ್ನ ಭಯ ಇಳಿಯಬೇಕಿತ್ತು. ಇಳಿಯಲಿಲ್ಲ. ಜೊತೆಗೆ ಇನ್ನೊಂದು ಸಂಕಟ ಸೇರಿಕೊಂಡಿತು. ಅವನು ಆವತ್ತು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೆಲವು ದಿನಗಳಲ್ಲೇ ಶಾಲೆಯ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಬಂದು ಕೂತಳು. ದೇವದುರ್ಗದಿಂದ ಬಸ್ಸು ಹಿಡಿದು ಬಂದಿದ್ದಳು.

"ನಾ ತಿಮ್ಮಣ್ಣನ ತಾಯಿ," ಅಂದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಅಂಜಬ್ಯಾಡವ್ವಾ. ವಕೀಲ ನೀ ಸುಳ್ಳು ಹೇಳೀದಿ ಅಂತಾನ. ಮಂದಿ ಖರೇ ಹೇಳೀದಿ ಅಂತಾರ. ಅಂವನ್ನ ಕೇಳಿದ್ರ ಬಾಯೇ ಬಿಡವಲ್ಲ. ನೀನ ಹೇಳು, ನೋಡೀದೇನು?"

"ನೋಡೀನಿ ಯವ್ವಾ."

ಅವಳು ನೆಲಕ್ಕೆ ಕೈ ಬಡಿದಳು. "ನನ್ನ ಹೆಸರಿಲೆ ಬೈದ್ರ ಬೈಲಿ, ಭಾಡ್ಯಾ! ನಾನೇನು ಸವದು ಹೋಗ್ತಿದ್ನೇನು?" ಎಂದು ಎದುರಿಗಿಲ್ಲದ ಮಗನನ್ನು ಬೈದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿನಗೇನಂದ?"

"ಸಣ್ಣವ್ವಾ, ಮನಿಗಿ ಹೋಗವ್ವಾ, ಅಂದ."

"ಜೋರಲೆ ಅಂದನೋ, ಮೆಲ್ಲಕ ಅಂದನೋ?"

ಯಾವ ವಕೀಲರೂ ಅದನ್ನು ಕೇಳಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವನೂ ಕೇಳಿರಲಿಲ್ಲ. ನಾನು ಕಣ್ಣು ಮುಚ್ಚಿ ಆ ಅಂಗಳಕ್ಕೆ ಹೋದೆ, ಮೊದಲ ಸಲ ನಾನಾಗಿಯೇ.

"ಮೆಲ್ಲಕ," ಅಂದೆ.

ಅವಳ ಮುಖ ಬಿಗಿಯಾಯಿತು, ಸಡಿಲಾಯಿತು. "ಹಂಗಾದ್ರ ಅಂವನ ಹೌದು," ಅಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಮತ್ತೆ, "ನನ್ನ ಮಗನ," ಅಂದಳು.

ಬಸ್ಸಿನವರೆಗೂ ಜೊತೆಗೆ ನಡೆದೆವು.

ಆ ಭಯ ಇನ್ನೂ ಪೂರ್ತಿ ಹೋಗಿಲ್ಲ, ಈ ವಯಸ್ಸಿನಲ್ಲಿ ಹೋಗುವುದೂ ಇಲ್ಲ. ಆ ಮಧ್ಯಾಹ್ನ ನೆನಪಾದಾಗಲೆಲ್ಲ ನನಗೆ ಮೊದಲು ಕಾಣುತ್ತಿದ್ದುದು ಕುಡುಗೋಲು. ಇವತ್ತು ನಿಮ್ಮ ಮುಂದೆ ಹೇಳುತ್ತ ಹೋದಂತೆ ಅದು ಹಿಂದೆ ಸರಿಯಿತು. ಮೊದಲು ದನಿ ಕೇಳಿತು. ಆ ಮುದುಕಿಗೆ ನಾನು ಹೇಳಿದ್ದು ಬರೀ ಸಮಾಧಾನಕ್ಕಲ್ಲ, ನಿಜ. ಮೆಲ್ಲಗೇ ಅಂದಿದ್ದ.